ನಾವು ಹೋದ ಮೇಲೆ ಫೋನು, ಫೋಟೊ, ದುಡ್ಡು: ಯಾವುದಕ್ಕೆ ಯಾವ ದಾರಿ?

ಈ ವಿಷಯ ಎತ್ತಿದರೆ ಸಾಕು, ಮನೆಯಲ್ಲಿ ಹಿರಿಯರು "ಬಿಡ್ತು ಅನ್ನು" ಅಂತಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೂ ಮಾತಾಡಲೇಬೇಕು. ಮೊದಲೆಲ್ಲ ಮನೆಯಲ್ಲಿ ಒಬ್ಬರು ತೀರಿಕೊಂಡರೆ ಬೀರು ತೆಗೆದು ಪಾಸ್‌ಬುಕ್, ಎಲ್‌ಐಸಿ ಬಾಂಡು, ಪಹಣಿ ಹುಡುಕುತ್ತಿದ್ದರು. ಈಗ ಬೀರುವಿನಲ್ಲಿ ಸಿಗುವುದು ಕಡಿಮೆ. ಎಲ್ಲ ಇರುವುದು ಫೋನಿನಲ್ಲಿ, ಆ ಫೋನು ತೆರೆಯುವುದು ಹೋದವರ ಬೆರಳಿಗೆ ಮಾತ್ರ.

ಏನು ಮಾಡಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪಾಸ್‌ವರ್ಡೆಲ್ಲ ಡೈರಿಯಲ್ಲಿ ಬರೆದಿಡಿ, ಗೂಗಲ್‌ನಲ್ಲೇ ಸೆಟ್ಟಿಂಗ್ ಇದೆ, ಪಾಸ್‌ವರ್ಡುಗಳನ್ನೆಲ್ಲ ಒಂದೇ ಕಡೆ ಬೀಗ ಹಾಕಿಡುವ ಪಾಸ್‌ವರ್ಡ್ ಮ್ಯಾನೇಜರ್ ಆ್ಯಪ್ ತಗೊಳ್ಳಿ, ವಿಲ್ ಬರೆಸಿ. ಇವುಗಳಲ್ಲಿ ಒಂದು ಮಾಡಿದರೆ ಇನ್ನೊಂದು ಬೇಡ ಅಂತ ಜನ ಅಂದುಕೊಳ್ಳುತ್ತಾರೆ, ತೊಂದರೆ ಅಲ್ಲೇ ಶುರುವಾಗುವುದು. ದುಡ್ಡು ಕೈ ದಾಟುವ ದಾರಿ ಬೇರೆ, ಫೋಟೊ ಕೈ ದಾಟುವ ದಾರಿ ಬೇರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದುಡ್ಡಿಗೆ ನಾಮಿನಿ. ಫೋಟೊ, ಮೇಲ್‌ಗೆ ಆಯಾ ಕಂಪನಿಯದೇ ಸೆಟ್ಟಿಂಗ್. ಏನೇನು ಎಲ್ಲೆಲ್ಲಿದೆ ಅಂತ ಮನೆಯವರಿಗೆ ತಿಳಿಯಲು ಕಾಗದದ ಮೇಲೆ ಒಂದು ಪಟ್ಟಿ. ಬಹುಪಾಲು ಮನೆಗಳಿಗೆ ಇಷ್ಟು ಸಾಕು. ಇದಕ್ಕಿಂತ ಜಾಸ್ತಿ ಯಾರಿಗೆ ಬೇಕು, ಯಾಕೆ ಬೇಕು ಅನ್ನುವುದನ್ನು ಮುಂದೆ ಹೇಳುತ್ತೇನೆ.

"ನನ್ನ ಪಾಸ್‌ವರ್ಡೆಲ್ಲ ಮನೆಯವಳಿಗೆ ಗೊತ್ತು"

ಒಳ್ಳೆಯದೇ. ಆದರೆ ಅಷ್ಟಕ್ಕೇ ನಿಂತರೆ ಎರಡು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಒಂದು, ದುಡ್ಡಿನ ವಿಷಯ. ಖಾತೆದಾರರು ತೀರಿಕೊಂಡ ಗಳಿಗೆಯಿಂದ ಆ ಖಾತೆಯ ಹಣ ವಾರಸುದಾರರದು. ಪಿನ್ ಗೊತ್ತಿದೆ ಅಂತ ಹೆಂಡತಿಯೋ ಮಗನೋ ಯುಪಿಐನಲ್ಲಿ ತಮ್ಮ ಖಾತೆಗೆ ಕಳಿಸಿಕೊಂಡರೆ, ಅಂತ್ಯಕ್ರಿಯೆಯ ಖರ್ಚಿಗೇ ಇದ್ದರೂ, ನಾಳೆ ಇನ್ನೊಬ್ಬ ಮಗನೋ ಮಗಳೋ ಲೆಕ್ಕ ಕೇಳಿದಾಗ ಉತ್ತರ ಕೊಡುವುದು ಕಷ್ಟ. ಬ್ಯಾಂಕಿಗೆ ಮರಣದ ಸುದ್ದಿ ಮುಟ್ಟಿಸಿ ನಾಮಿನಿಯಾಗಿ ಕ್ಲೇಮ್ ಹಾಕುವುದೇ ಸರಿಯಾದ ದಾರಿ. ನಾಮಿನಿ ಇದ್ದು, ದಾಖಲೆಗಳೆಲ್ಲ ಸರಿಯಿದ್ದರೆ ಬ್ಯಾಂಕು 15 ದಿನದೊಳಗೆ ಕ್ಲೇಮ್ ಮುಗಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಗಂಡ ಹೆಂಡತಿ ಜಂಟಿ ಖಾತೆ ಮಾಡಿಸಿ "ಐದರ್ ಆರ್ ಸರ್ವೈವರ್" (ಇಬ್ಬರಲ್ಲಿ ಯಾರಾದರೂ, ಒಬ್ಬರು ಹೋದರೆ ಉಳಿದವರು ವ್ಯವಹರಿಸಬಹುದು) ಅಂತ ಹಾಕಿಸಿಕೊಂಡಿದ್ದರೆ ಇನ್ನೂ ಸುಲಭ. ತಕ್ಷಣದ ಖರ್ಚಿಗೆ ಕೈ ಕಟ್ಟಿದಂತೆ ಆಗುವುದಿಲ್ಲ.

ಇನ್ನೊಂದು, ಸಿಮ್. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹೆಚ್ಚಿನ ಮನೆಗಳು ಎಡವುವುದು ಇಲ್ಲೇ.

ನಮ್ಮ ಬೀದಿಯ ಒಂದು ಮನೆಯಲ್ಲಿ ಯಜಮಾನರು ಹೋದ ಮೇಲೆ, ವೈಕುಂಠ ಸಮಾರಾಧನೆ ಮುಗಿದದ್ದೇ ತಡ, "ಸುಮ್ನೆ ತಿಂಗಳು ತಿಂಗಳು ರೀಚಾರ್ಜ್ ಯಾಕೆ" ಅಂತ ಮಗ ಅವರ ನಂಬರ್ ನಿಲ್ಲಿಸಿದ. ಆಮೇಲೆ ಒಂದೊಂದೇ ಗೊತ್ತಾಗುತ್ತಾ ಬಂತು. ಗ್ಯಾಸ್ ಬುಕ್ ಮಾಡುತ್ತಿದ್ದದ್ದು ಅದೇ ನಂಬರಿನಿಂದ. ಕರೆಂಟ್ ಬಿಲ್ಲಿನ ಮೆಸೇಜ್ ಬರುತ್ತಿದ್ದದ್ದು ಅದಕ್ಕೆ. ಮೇಲ್ ತೆರೆಯೋಣ ಅಂದರೆ ಓಟಿಪಿ ಹೋಗುವುದು ಅದಕ್ಕೆ. ಅಪ್ಪ ಯಾವ ಯಾವ ಕಡೆ ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳ ಕಂತು) ಹಾಕುತ್ತಿದ್ದರು ಅಂತ ಅಮ್ಮನಿಗೆ ಗೊತ್ತಿಲ್ಲ, ಅದನ್ನು ಹೇಳಬಹುದಾಗಿದ್ದ ಮೆಸೇಜುಗಳು ಇನ್ನು ಬರುವುದೂ ಇಲ್ಲ. ಪಾಸ್‌ವರ್ಡ್ ಬರೆದಿಟ್ಟ ಪುಸ್ತಕ ಆ ಮನೆಯಲ್ಲಿತ್ತು. ಕೈಯಲ್ಲಿದ್ದೂ ಕೆಲಸಕ್ಕೆ ಬರಲಿಲ್ಲ.

ನಿಂತುಹೋದ ನಂಬರನ್ನು 90 ದಿನ ಕಳೆದ ಮೇಲೆ ಟೆಲಿಕಾಂ ಕಂಪನಿ ಬೇರೆಯವರಿಗೆ ಕೊಡಬಹುದು. ಆಗ ಬ್ಯಾಂಕಿನ ಮೆಸೇಜು ಯಾರೋ ಅಪರಿಚಿತರ ಫೋನಿಗೆ ಹೋಗುತ್ತದೆ. ಹಾಗಾಗಿ ಸಿಮ್ ನಿಲ್ಲಿಸುವುದು ಕೊನೆಯ ಕೆಲಸ ಆಗಬೇಕು, ಮೊದಲನೆಯದಲ್ಲ. ಮರಣ ಪ್ರಮಾಣಪತ್ರ ಮತ್ತು ನಿಮ್ಮ ಗುರುತಿನ ಚೀಟಿ ತೆಗೆದುಕೊಂಡು ಕಂಪನಿಯ ಅಂಗಡಿಗೆ ಹೋದರೆ ನಂಬರನ್ನು ಮನೆಯವರ ಹೆಸರಿಗೆ ಬದಲಾಯಿಸಿ ಕೊಡುತ್ತಾರೆ. ಹಾಗೆ ಮಾಡಿಸಿ ಕಡಿಮೆ ದರದ ಪ್ಲಾನ್ ಹಾಕಿಸಿ ಒಂದು ವರ್ಷವಾದರೂ ಇಟ್ಟುಕೊಳ್ಳಿ. ವಿಮೆಯ ಕಂತಿನ ನೆನಪೋಲೆ ಹೆಚ್ಚಾಗಿ ಬರುವುದು ವರ್ಷಕ್ಕೊಮ್ಮೆ. ವರ್ಷ ತುಂಬುವ ತನಕ ಎಲ್ಲಿ ಏನಿದೆ ಅಂತ ಪೂರ್ತಿ ಗೊತ್ತಾಗುವುದಿಲ್ಲ.

ಗೂಗಲ್, ಆಪಲ್, ಫೇಸ್‌ಬುಕ್: ಮೂರರ ರೀತಿಯೂ ಬೇರೆ

ಮೂರರಲ್ಲೂ "ನನ್ನ ನಂತರ ಇವರಿಗೆ" ಅಂತ ಹೇಳುವ ವ್ಯವಸ್ಥೆ ಇದೆ, ಮೂರೂ ಪುಕ್ಕಟೆ. ಆದರೆ ಕೆಲಸ ಮಾಡುವ ಬಗೆ ಬೇರೆ ಬೇರೆ.

ಗೂಗಲ್‌ನದು 2013ರಿಂದ ಇದೆ, ಹೆಸರು ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್. ಗೂಗಲ್ ಅಕೌಂಟಿನ ಡೇಟಾ ಅಂಡ್ ಪ್ರೈವಸಿ ಪುಟದ ಕೆಳಭಾಗದಲ್ಲಿ ಸಿಗುತ್ತದೆ. ಇದು ಸಾವಿನ ಪುರಾವೆ ಕೇಳುವುದಿಲ್ಲ. ಅಕೌಂಟು ಇಷ್ಟು ತಿಂಗಳು ಅಲುಗಾಡದಿದ್ದರೆ ಇವರಿಗೆ ತಿಳಿಸು ಅಂತ ನೀವೇ ಹೇಳಿಡುವುದು. 3, 6, 12 ಅಥವಾ 18 ತಿಂಗಳು ಅಂತ ಆಯ್ಕೆ ಇದೆ. 10 ಜನರ ತನಕ ಹೆಸರು ಕೊಡಬಹುದು, ಯಾರಿಗೆ ಯಾವುದು ಅಂತ ಬೇರೆ ಬೇರೆ ಹೇಳಬಹುದು. ಫೋಟೊ ಮಗಳಿಗೆ, ಡ್ರೈವ್‌ನಲ್ಲಿರುವ ಮನೆ ಪತ್ರದ ಪ್ರತಿಗಳು ತಮ್ಮನಿಗೆ, ಮೇಲ್ ಯಾರಿಗೂ ಬೇಡ, ಹೀಗೆ. ಅವಧಿ ಮುಗಿಯುವ ಮುಂಚೆ ನಿಮಗೇ ಮೆಸೇಜು, ಮೇಲ್ ಕಳಿಸಿ ಎಚ್ಚರಿಸುತ್ತದೆ. ಉತ್ತರ ಬಾರದಿದ್ದರೆ ನೀವು ಹೆಸರಿಸಿದವರಿಗೆ ಮೇಲ್ ಹೋಗುತ್ತದೆ, ಅವರ ಫೋನಿಗೆ ಕೋಡ್ ಬರುತ್ತದೆ, ಡೌನ್‌ಲೋಡ್ ಮಾಡಿಕೊಳ್ಳಲು 3 ತಿಂಗಳು ಸಮಯ ಇರುತ್ತದೆ. ಅವರಿಗೆ ಸಿಗುವುದು ಡೇಟಾ ಮಾತ್ರ, ನಿಮ್ಮ ಪಾಸ್‌ವರ್ಡ್ ಅಲ್ಲ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಆ್ಯಂಡ್ರಾಯ್ಡ್ ಫೋನು ಗೂಗಲ್ ಜೊತೆ ಸಂಪರ್ಕದಲ್ಲಿರುವುದನ್ನೂ ಅದು ಚಟುವಟಿಕೆ ಅಂತಲೇ ಲೆಕ್ಕ ಹಾಕುತ್ತದೆ. ಅಪ್ಪನ ಫೋನನ್ನು ಅದೇ ಅಕೌಂಟಿನಲ್ಲಿ ಮೊಮ್ಮಗ ಆಟಕ್ಕೆ ಇಟ್ಟುಕೊಂಡಿದ್ದರೆ ಗೂಗಲ್ ಲೆಕ್ಕದಲ್ಲಿ ಅಪ್ಪ ಇನ್ನೂ ಇದ್ದಾರೆ, ಮೇಲ್ ಬರುವುದೇ ಇಲ್ಲ. ಆದ್ದರಿಂದ ಫೋನಿನ ಲಾಕ್ ಗೊತ್ತಿರುವ ಮನೆಯವರು ಬೇಕಾದ ಫೋಟೊ, ವಾಟ್ಸ್ಆ್ಯಪ್ ಚಾಟ್ ಎಲ್ಲ ಮೊದಲು ತೆಗೆದಿಟ್ಟುಕೊಂಡು, ಆಮೇಲೆ ಫೋನನ್ನು ನಿಲ್ಲಿಸಿಡುವುದು ಒಳ್ಳೆಯದು.

ಏನೂ ಸೆಟ್ ಮಾಡದೆ ಬಿಟ್ಟರೆ? 2 ವರ್ಷ ಬಳಸದ ವೈಯಕ್ತಿಕ ಅಕೌಂಟನ್ನು ಗೂಗಲ್ ಅಳಿಸಬಹುದು, 2023ರ ಡಿಸೆಂಬರ್‌ನಿಂದ ಈ ನಿಯಮ ಜಾರಿಯಲ್ಲಿದೆ. ಮನೆಯವರು ಅರ್ಜಿ ಹಾಕಿ ಅಕೌಂಟ್ ಮುಚ್ಚಿಸಬಹುದು. ಒಳಗಿನ ಫೋಟೊ ಬೇಕು ಅಂದರೆ ಮಾತ್ರ ದಾಖಲೆ, ಕೋರ್ಟು ಅಂತ ಬಹಳ ದೂರ ಹೋಗಬೇಕಾಗುತ್ತದೆ, ಸಿಕ್ಕೇ ಸಿಗುತ್ತದೆ ಅನ್ನುವ ಭರವಸೆಯೂ ಇಲ್ಲ.

ಬ್ಲಾಗರ್‌ನಲ್ಲಿ ಕನ್ನಡ ಬ್ಲಾಗ್ ಬರೆದವರು, ಯೂಟ್ಯೂಬ್‌ನಲ್ಲಿ ಅಡುಗೆಯದೋ ಹಾಡಿನದೋ ಚಾನೆಲ್ ಇಟ್ಟವರು ಇನ್ನೊಂದು ಮಾತು ಗಮನಿಸಿ. ಈ ಸೆಟ್ಟಿಂಗ್ ಮಾಡುವಾಗ ಕೊನೆಯಲ್ಲಿ ಗೂಗಲ್ "ಅಕೌಂಟ್ ಅಳಿಸಬೇಕಾ" ಅಂತ ಕೇಳುತ್ತದೆ. ಹೌದು ಅಂದರೆ ಬ್ಲಾಗು, ವಿಡಿಯೊ ಎಲ್ಲವೂ ಹೋಗುತ್ತದೆ. ವರ್ಷಗಟ್ಟಲೆ ಕೂತು ಊರಿನ ಸೋಬಾನೆ ಪದ ರೆಕಾರ್ಡ್ ಮಾಡಿ ಹಾಕಿದವರು ಇದ್ದಾರೆ, ತಮ್ಮ ಕಡೆಯ ಅಡುಗೆ, ಆಡುಮಾತು ದಾಖಲಿಸಿದವರು ಇದ್ದಾರೆ. ದಯವಿಟ್ಟು ಅಲ್ಲಿ ಬೇಡ ಅಂತ ಒತ್ತಿ. ಅದು ನಿಮ್ಮ ಮನೆಯವರಿಗಷ್ಟೇ ಸೇರಿದ್ದಲ್ಲ.

ಆಪಲ್‌ನದು ಬೇರೆ ಲೆಕ್ಕ. ಐಫೋನಿನ ಸಾಫ್ಟ್‌ವೇರ್ ಐಓಎಸ್ 15.2 ಜೊತೆ 2021ರ ಡಿಸೆಂಬರ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್ ಬಂತು. 5 ಜನರ ತನಕ ಹೆಸರಿಸಬಹುದು, ಅವರ ಬಳಿ ಐಫೋನ್ ಇರಲೇಬೇಕು ಅಂತಿಲ್ಲ. ಒಂದು ಆ್ಯಕ್ಸೆಸ್ ಕೀ ಬರುತ್ತದೆ, ಅದನ್ನು ಪ್ರಿಂಟ್ ಮಾಡಿ ಕೊಡಬಹುದು. ಆಮೇಲೆ ಅವರು ಆ ಕೀ ಮತ್ತು ಮರಣ ಪ್ರಮಾಣಪತ್ರ ಎರಡನ್ನೂ ಕೊಟ್ಟರೆ ಐಕ್ಲೌಡ್‌ನ (ಆಪಲ್‌ನ ಆನ್‌ಲೈನ್ ಸಂಗ್ರಹ) ಫೋಟೊ, ನೋಟ್ಸ್, ಬ್ಯಾಕಪ್ ನೋಡಲು ಸಿಗುತ್ತದೆ, 3 ವರ್ಷದ ತನಕ. ಅದಾದ ಮೇಲೆ ಅಕೌಂಟ್ ಶಾಶ್ವತವಾಗಿ ಹೋಗುತ್ತದೆ. ಕೀಚೈನ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡುಗಳು, ದುಡ್ಡು ಕೊಟ್ಟು ಕೊಂಡ ಸಿನಿಮಾ, ಹಾಡು, ಪುಸ್ತಕ ಸಿಗುವುದಿಲ್ಲ. ಐಫೋನಿನ ಪಾಸ್‌ಕೋಡ್ ಗೊತ್ತಿಲ್ಲದಿದ್ದರೆ ಆಪಲ್ ಕೂಡ ಅದನ್ನು ತೆಗೆದುಕೊಡುವುದಿಲ್ಲ, ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರ ಹಾಗೆ ಮಾಡಬಹುದು ಅಷ್ಟೆ. ಐಕ್ಲೌಡ್‌ಗೆ ಹೋಗದ ಫೋಟೊ ಅಲ್ಲಿಗೆ ಮುಗಿಯಿತು.

ಎರಡನ್ನೂ ಇಟ್ಟು ನೋಡಿದರೆ, ದಾಖಲೆ ಓಡಾಟ ಬೇಡ, ಸ್ವಲ್ಪ ತಡವಾದರೂ ಪರವಾಗಿಲ್ಲ ಅನ್ನುವವರಿಗೆ ಗೂಗಲ್ ರೀತಿ ಹಿತ. ತೀರಿಕೊಂಡದ್ದು ದಾಖಲೆಯಲ್ಲಿ ಖಚಿತವಾದ ಮೇಲೆಯೇ ಬಾಗಿಲು ತೆರೆಯಲಿ, ಆದರೆ ತಿಂಗಳುಗಟ್ಟಲೆ ಕಾಯುವುದು ಬೇಡ ಅನ್ನುವವರಿಗೆ ಆಪಲ್ ರೀತಿ. ಐಫೋನ್ ಇಟ್ಟುಕೊಂಡು ಫೋಟೊಗಳನ್ನು ಗೂಗಲ್ ಫೋಟೊಸ್‌ಗೆ ಹಾಕುವವರು ಎಷ್ಟೋ ಜನ. ಅವರು ಎರಡೂ ಕಡೆ ಮಾಡಿಡಬೇಕು.

ಫೇಸ್‌ಬುಕ್‌ನಲ್ಲಿ ಎರಡೇ ದಾರಿ. ನನ್ನ ನಂತರ ಅಕೌಂಟ್ ಅಳಿಸಿ ಅಂತ ಹೇಳಬಹುದು, ಅಥವಾ ನಿಮ್ಮ ಫ್ರೆಂಡ್ಸ್ ಪಟ್ಟಿಯ ಒಬ್ಬರನ್ನು ಲೆಗಸಿ ಕಾಂಟ್ಯಾಕ್ಟ್ ಮಾಡಿ ಅಕೌಂಟನ್ನು ಸ್ಮರಣೆಯ ಪುಟವಾಗಿ ಉಳಿಸಬಹುದು. ಅವರು ಪ್ರೊಫೈಲ್ ಫೋಟೊ ಬದಲಿಸಬಹುದು, ಮೇಲ್ಗಡೆ ಒಂದು ಬರಹ ಹಾಕಬಹುದು. ನಿಮ್ಮ ಮೆಸೆಂಜರ್ ಮಾತುಕತೆ ಓದಲು ಆಗುವುದಿಲ್ಲ, ಅದು ಸರಿಯೂ ಹೌದು ಅನ್ನುವುದು ನನ್ನ ಅನಿಸಿಕೆ. ಮನೆಯಿಂದ ಚಟ್ನಿಪುಡಿ, ಸೀರೆ, ಕುಸುರಿ ಕೆಲಸ ಮಾರುವವರಿಗೆ ಮಾತ್ರ ಒಂದು ಅಪಾಯ ಇದೆ. ನಿಮ್ಮ ಪೇಜಿಗೆ ನೀವೊಬ್ಬರೇ ಅಡ್ಮಿನ್ ಆಗಿದ್ದರೆ, ನಿಮ್ಮ ಅಕೌಂಟ್ ಸ್ಮರಣೆಯ ಪುಟವಾದಾಗ ಪೇಜನ್ನೇ ತೆಗೆದುಹಾಕುತ್ತಾರೆ. ಇನ್ನೊಬ್ಬರನ್ನು ಇವತ್ತೇ ಅಡ್ಮಿನ್ ಮಾಡಿ. ಇನ್‌ಸ್ಟಾಗ್ರಾಂನಲ್ಲಿ ಮೊದಲೇ ಹೇಳಿಡುವ ವ್ಯವಸ್ಥೆ ಇಲ್ಲ, ಆಮೇಲೆ ಮನೆಯವರೇ ಅರ್ಜಿ ಹಾಕಬೇಕು. ವಾಟ್ಸ್ಆ್ಯಪ್ ಅಕೌಂಟ್ ಸಾಮಾನ್ಯವಾಗಿ 120 ದಿನ ಬಳಸದಿದ್ದರೆ ಅಳಿಸಿಹೋಗುತ್ತದೆ.

ಬರೆದಿಡುವುದು: ಪುಸ್ತಕವಾ, ಪಾಸ್‌ವರ್ಡ್ ಮ್ಯಾನೇಜರ್ರಾ?

ಬಿಟ್‌ವಾರ್ಡನ್‌ನಂಥ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ತುರ್ತು ಪ್ರವೇಶ ಅಂತ ಒಂದು ಸೌಲಭ್ಯ ಇದೆ. ನೀವು ನಂಬಿದವರು "ನನಗೆ ತೆರೆಯಬೇಕು" ಅಂತ ಕೋರಿಕೆ ಹಾಕುತ್ತಾರೆ, ನೀವು ಮೊದಲೇ ಗೊತ್ತುಮಾಡಿದ ದಿನಗಳೊಳಗೆ ಬೇಡ ಅನ್ನದಿದ್ದರೆ ಅವರಿಗೆ ಬಾಗಿಲು ತೆರೆಯುತ್ತದೆ. ದುಡ್ಡು ಕೊಟ್ಟು ಪ್ರೀಮಿಯಂ ತೆಗೆದುಕೊಳ್ಳಬೇಕಾದದ್ದು ನೀವು, ಅವರಿಗೆ ಉಚಿತ ಅಕೌಂಟ್ ಸಾಕು. ಪಾಸ್‌ವರ್ಡ್ ಬದಲಾದರೂ ಪಟ್ಟಿ ಹಳತಾಗುವುದಿಲ್ಲ. ಐಟಿಯಲ್ಲಿರುವ ಗಂಡ ಹೆಂಡತಿಗೆ, ಬೇರೆ ದೇಶದಲ್ಲಿರುವ ಮಕ್ಕಳಿಗೆ ಇದು ತುಂಬ ಚೆನ್ನಾಗಿ ಹೊಂದುತ್ತದೆ.

ಆದರೆ ಆ ಬಾಗಿಲು ತೆರೆಯಬೇಕಾದವರು ಯಾರು ಅಂತ ಯೋಚಿಸಿ. ಊರಲ್ಲಿರುವ ಅರುವತ್ತೈದು ದಾಟಿದ ಅಮ್ಮ ಆದರೆ, ದುಃಖದಲ್ಲಿ ಕೂತಿರುವಾಗ, ಇಂಗ್ಲಿಷ್‌ನಲ್ಲಿ ಬಂದ ಮೇಲ್ ನೋಡಿ ಮಾಸ್ಟರ್ ಪಾಸ್‌ವರ್ಡ್ ಹಾಕಿ ಕೋರಿಕೆ ಕಳಿಸುವುದು ಆಗುವ ಮಾತಲ್ಲ. ಅಂಥ ಮನೆಗೆ ಪುಸ್ತಕವೇ ಸರಿ. ವ್ಯವಸ್ಥೆ ಬಳಸುವುದು ನೀವಲ್ಲ, ಉಳಿದವರು. ಅವರಿಗೆ ಆಗುವುದನ್ನು ಆರಿಸಿ.

ಪುಸ್ತಕದಲ್ಲಿ ಬರೆಯುವುದಾದರೆ ಹೀಗೆ ಬರೆಯಿರಿ. ಮೊದಲ ಪುಟದಲ್ಲಿ ಫೋನಿನ ಲಾಕ್, ಮೊಬೈಲ್ ನಂಬರ್, ಮುಖ್ಯ ಮೇಲ್ ಐಡಿ. ಅದರ ಕೆಳಗೆ ಸಾಲು ಸಾಲಾಗಿ: "ಸೇವಿಂಗ್ಸ್ ಖಾತೆ, ಇಂಥ ಬ್ಯಾಂಕ್, ಇಂಥ ಶಾಖೆ, ನಾಮಿನಿ ಇವಳು." "ಟರ್ಮ್ ಇನ್ಶೂರೆನ್ಸ್, ಕಂಪನಿ ಇದು, ಪಾಲಿಸಿ ನಂಬರ್ ಇದು, ಕಂತು ಜೂನ್‌ನಲ್ಲಿ." "ಪಿಎಫ್, ಯುಎಎನ್ ನಂಬರ್ ಇದು." "ತಮ್ಮನಿಗೆ ಕೊಟ್ಟ ಸಾಲ ಇಷ್ಟು, ಬರಬೇಕಾದದ್ದು ಇಷ್ಟು." ಬ್ಯಾಂಕಿನ ಪಾಸ್‌ವರ್ಡ್, ಯುಪಿಐ ಪಿನ್ ಬರೆಯಬೇಡಿ, ಅವು ಬೇಕಾಗಿಯೇ ಇಲ್ಲ. ಕ್ಲೇಮ್ ಹಾಕಲು ಖಾತೆ ಇದೆ ಅಂತ ಗೊತ್ತಿದ್ದರೆ ಸಾಕು. ತಿಂಗಳು ತಿಂಗಳು ತಾನಾಗಿ ಕಟ್ ಆಗುವ ಚಂದಾಗಳನ್ನೂ ಬರೆಯಿರಿ.

ಷೇರು, ಮ್ಯೂಚುವಲ್ ಫಂಡ್ ಇರುವವರಿಗೆ ಕೆಲಸ ಇನ್ನೂ ಹಗುರ. ಷೇರುಗಳ ಲೆಕ್ಕ ಇಡುವ ಡಿಪಾಸಿಟರಿ ಸಂಸ್ಥೆಯಿಂದ ಮೇಲ್‌ಗೆ ಬರುವ ಒಟ್ಟು ಸ್ಟೇಟ್‌ಮೆಂಟ್‌ನಲ್ಲಿ ನಿಮ್ಮ ಪ್ಯಾನ್ ನಂಬರಿನ ಕೆಳಗೆ ಇರುವ ಹೂಡಿಕೆಗಳೆಲ್ಲ ಒಂದೇ ಕಡೆ ಇರುತ್ತವೆ, ಆ ಫೈಲಿನ ಪಾಸ್‌ವರ್ಡ್ ಪ್ಯಾನ್ ನಂಬರೇ. ಅದನ್ನು ಪ್ರಿಂಟ್ ತೆಗೆದು ಪುಸ್ತಕದೊಳಗೆ ಇಡಿ. ಡಿಜಿಲಾಕರ್‌ನಲ್ಲೂ 2025ರ ಏಪ್ರಿಲ್‌ನಿಂದ ಇಂಥ ಅನುಕೂಲ ಬಂದಿದೆ. ಡಿಮ್ಯಾಟ್ (ಷೇರು ಇಡುವ ಖಾತೆ), ಫಂಡ್ ಸ್ಟೇಟ್‌ಮೆಂಟುಗಳನ್ನು ಅಲ್ಲಿಗೆ ತಂದು, ನಂತರ ನೋಡಲು ಒಬ್ಬರನ್ನು ಹೆಸರಿಸಬಹುದು. ನೋಡಲು ಮಾತ್ರ, ಹಣ ತೆಗೆಯಲು ಅಲ್ಲ.

ಬಿಟ್‌ಕಾಯಿನ್ ಥರದ್ದನ್ನು ಸ್ವಂತ ವಾಲೆಟ್‌ನಲ್ಲಿ ಇಟ್ಟವರಿಗೆ ಮಾತ್ರ ಈ ಲೆಕ್ಕ ತಿರುವುಮುರುವು. ಅಲ್ಲಿ ನಾಮಿನಿ ಇಲ್ಲ, ಕ್ಲೇಮ್ ಇಲ್ಲ, ಕೋರ್ಟ್ ಆದೇಶವೂ ಕೆಲಸಕ್ಕೆ ಬರುವುದಿಲ್ಲ. ವಾಲೆಟ್ ತೆರೆಯುವ 12 ಅಥವಾ 24 ಪದಗಳ ಸೀಡ್ ಫ್ರೇಸ್ ಕಳೆದರೆ ದುಡ್ಡು ಹೋಯಿತು. ಆ ಪದಗಳನ್ನು ಕಾಗದದಲ್ಲಿ ಬರೆದು ಲಾಕರ್‌ನಲ್ಲಿಡಿ. ಫೋಟೊ ತೆಗೆದು ಫೋನಿನಲ್ಲಿ ಇಡಬೇಡಿ.

ನಾಮಿನಿ ಮತ್ತು ವಿಲ್

ನಾಮಿನಿ ಹಾಕಿದರೆ ಆಸ್ತಿ ಅವರದೇ ಆಯಿತು ಅಂತ ಎಷ್ಟೋ ಜನ ನಂಬಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ. ನಾಮಿನಿ ಹಣ ತೆಗೆದುಕೊಂಡು ವಾರಸುದಾರರಿಗೆ ಹಂಚಬೇಕಾದವರು. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿದೆ. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ, ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದರೆ ಹಣ ಅವರಿಗೇ ಸೇರುತ್ತದೆ. ಹಾಗಾಗಿ ಹಣ ಬೇಗ ಕೈಗೆ ಬರಲು ನಾಮಿನಿ, ಯಾರದು ಅಂತ ಇತ್ಯರ್ಥವಾಗಲು ವಿಲ್. ಮನೆಯಲ್ಲಿ ತಕರಾರು ಬರುವ ಸಂಭವ ಇಲ್ಲ, ಇರುವುದು ಹೆಂಡತಿ ಮಕ್ಕಳು ಮಾತ್ರ ಅಂದರೆ ನಾಮಿನಿಯಲ್ಲೇ ಬಹಳ ಕೆಲಸ ಮುಗಿಯುತ್ತದೆ. ಎರಡನೇ ಮದುವೆ, ದತ್ತು, ಮದುವೆಯಾಗದೆ ಒಬ್ಬರೇ ಇರುವುದು, ಅಣ್ಣತಮ್ಮಂದಿರ ಜಂಟಿ ವ್ಯವಹಾರ ಇದ್ದರೆ ವಿಲ್ ಬೇಕೇ ಬೇಕು.

ವಿಲ್ ಬರೆಯುವುದು ಜನ ಹೆದರಿಕೊಂಡಷ್ಟು ಕಷ್ಟವಲ್ಲ. ಛಾಪಾ ಕಾಗದ ಬೇಡ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಕಾಗದದ ಮೇಲೇ ಇರಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆ ವಿಲ್‌ಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ, ಆದ್ದರಿಂದ ಫೋನಿನಲ್ಲಿ ಟೈಪ್ ಮಾಡಿ ಇ-ಸಹಿ ಹಾಕಿದ್ದು, ವಿಡಿಯೊದಲ್ಲಿ ಹೇಳಿದ್ದು ವಿಲ್ ಆಗುವುದಿಲ್ಲ. ಅದರೊಳಗೆ ಪಾಸ್‌ವರ್ಡ್ ಬರೆಯಬೇಡಿ, ವಿಲ್ ಹತ್ತಾರು ಕೈ ದಾಟುತ್ತದೆ. "ನನ್ನ ಡಿಜಿಟಲ್ ಖಾತೆಗಳು, ಫೋಟೊಗಳು, ಚಾನೆಲ್, ಡೊಮೈನ್ ಇಂಥವರಿಗೆ" ಅಂತ ಒಂದು ಸಾಲು ಸಾಕು.

ಅಮೆರಿಕದಲ್ಲಿರುವ ನಮ್ಮವರು ಇನ್ನೊಂದನ್ನು ನೋಡಿಕೊಳ್ಳಬೇಕು. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಡಿಜಿಟಲ್ ಆಸ್ತಿಗೇ ಪ್ರತ್ಯೇಕ ಕಾನೂನು ಇದೆ, ಅದರ ಪ್ರಕಾರ ಗೂಗಲ್, ಫೇಸ್‌ಬುಕ್‌ನಂಥ ಕಡೆ ಅವರದೇ ಸೆಟ್ಟಿಂಗ್‌ನಲ್ಲಿ ಹೇಳಿದ್ದೇ ವಿಲ್‌ಗಿಂತ ಮೇಲು. ವಿಲ್‌ನಲ್ಲಿ ಹೆಂಡತಿ ಹೆಸರು, ಗೂಗಲ್‌ನಲ್ಲಿ ಹಳೇ ರೂಮ್‌ಮೇಟ್ ಹೆಸರು ಇದ್ದರೆ ಡೇಟಾ ಹೋಗುವುದು ರೂಮ್‌ಮೇಟ್‌ಗೆ.

ಯಾವುದು ಮೊದಲು

ನನ್ನ ಪ್ರಕಾರ ಮೊದಲು ನಾಮಿನಿ, ಯಾಕೆಂದರೆ ಅದು ತಪ್ಪಿದರೆ ಮನೆಯವರು ಊಟದ ಖರ್ಚಿಗೂ ಪರದಾಡಬೇಕಾಗುತ್ತದೆ. ನಾಮಿನಿ ಇಲ್ಲದಿದ್ದರೆ ನಾಡಕಚೇರಿಯಲ್ಲಿ ವಂಶವೃಕ್ಷ, ಬ್ಯಾಂಕಿನಲ್ಲಿ ಮುಚ್ಚಳಿಕೆ, ಮೊತ್ತ ದೊಡ್ಡದಾದರೆ ಕೋರ್ಟಿನಿಂದ ವಾರಸಾ ಪ್ರಮಾಣಪತ್ರ, ಇಷ್ಟೆಲ್ಲ ಸುತ್ತಬೇಕು. ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ 4 ಜನರನ್ನು, ಡಿಮ್ಯಾಟ್ ಮತ್ತು ಮ್ಯೂಚುವಲ್ ಫಂಡ್‌ಗೆ 10 ಜನರನ್ನು ನಾಮಿನಿ ಮಾಡಬಹುದು, ಯಾರಿಗೆ ಎಷ್ಟು ಪಾಲು ಅಂತಲೂ ಹೇಳಬಹುದು. ಮದುವೆಗೆ ಮುಂಚೆ ಅಪ್ಪ ಅಮ್ಮನ ಹೆಸರು ಹಾಕಿದ ಪಿಎಫ್ ನಾಮಿನೇಷನ್ ಮದುವೆಯಾದ ಮೇಲೆ ಅಸಿಂಧು. ಯುಎಎನ್ ಪೋರ್ಟಲ್‌ನಲ್ಲಿ ಹೊಸದಾಗಿ ಇ-ನಾಮಿನೇಷನ್ ಮಾಡಲೇಬೇಕು. ಇದನ್ನು ಮಾಡದೆ ಬಿಟ್ಟವರು ನಿಮ್ಮ ಆಫೀಸಿನಲ್ಲೇ ಇರುತ್ತಾರೆ, ಕೇಳಿ ನೋಡಿ. ನೌಕರಿಯಲ್ಲಿರುವಾಗಲೇ ತೀರಿಕೊಂಡರೆ ಪಿಎಫ್ ಜೊತೆಗೆ ಬರುವ ವಿಮೆಯ ಹಣವೇ 7 ಲಕ್ಷ ರೂಪಾಯಿವರೆಗೆ ಇರುತ್ತದೆ.

ಆಮೇಲೆ ಗೂಗಲ್ ಅಥವಾ ಆಪಲ್ ಸೆಟ್ಟಿಂಗ್, ಒಂದು ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ಅದಾದ ಮೇಲೆ ಪುಸ್ತಕ. ಅಪ್ಪ ಅಮ್ಮನದನ್ನೂ ಮಾಡಿಕೊಡುವುದಾದರೆ ಸಾವಿನ ಮಾತಿಂದ ಶುರು ಮಾಡಬೇಡಿ. "ಅಪ್ಪಾ, ನಿಮ್ಮ ಖಾತೆಗಳಿಗೆ ನಾಮಿನಿ ಸರಿ ಇದೆಯಾ ನೋಡೋಣ ಬನ್ನಿ" ಅಂತ ಪಕ್ಕದಲ್ಲಿ ಕೂತರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಮಾತಿಗೆ ಮಾತು ಬೆಳೆದು ಉಳಿದದ್ದೂ ಹೊರಬರುತ್ತದೆ. ಈಗಾಗಲೇ ಹಿರಿಯರೊಬ್ಬರು ಹೋಗಿದ್ದು ಅವರ ಖಾತೆಗಳ ಸುಳಿವಿಲ್ಲ ಅಂದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಅವರ ಹೆಸರು ಹಾಕಿ ಹುಡುಕಿ. 10 ವರ್ಷದಿಂದ ಯಾರೂ ಕೇಳದೆ ಉಳಿದ ಠೇವಣಿಗಳ ಮಾಹಿತಿ ಅಲ್ಲಿ ಸಿಗುತ್ತದೆ, ಆ ಹಣವನ್ನು ಈಗಲೂ ವಾರಸುದಾರರು ಕ್ಲೇಮ್ ಮಾಡಬಹುದು.

ಮಾಡಿಟ್ಟದ್ದನ್ನು ವರ್ಷಕ್ಕೊಮ್ಮೆ ತೆಗೆದು ನೋಡಿ, ಆಯುಧಪೂಜೆಗೋ ಯುಗಾದಿಗೋ ಅಂತ ಒಂದು ದಿನ ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ಮುಖ್ಯವಾಗಿ ಗೂಗಲ್‌ನಲ್ಲಿ ನೀವು ಹೆಸರಿಸಿದವರ ಮೊಬೈಲ್ ನಂಬರ್ ಇನ್ನೂ ಅದೇ ಇದೆಯಾ ಅಂತ ನೋಡಿ. ಕೋಡ್ ಹೋಗುವುದು ಆ ನಂಬರಿಗೆ.